ಗೋಬಿಯಲ್ಲಿ ಚೈನಾ ಹುಡುಕುವವರು

ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ದೆಹಲಿಯಲ್ಲಿ ಒಂದು ವಿಚಾರ ಸಂಕಿರಣವಿತ್ತು. ರಾತ್ರಿ ಊಟಕ್ಕೆ ಎಲ್ಲರೂ ಸೇರಿ ಒಂದು ಚೈನೀಸ್ ಹೋಟೆಲಿಗೆ ಹೋದೆವು. ಮೆನು ಕಾರ್ಡಿನಲ್ಲಿ ನನಗೆ ಗೊತ್ತಿರುವ ಹೆಸರು ಒಂದೂ ಕಾಣಲಿಲ್ಲ. ಗೋಬಿ ಮಂಚೂರಿ ಸಿಗುವುದಿಲ್ಲವೇ ಎಂದು ಕೇಳಿದೆ. ಮೇಜಿನ ಸುತ್ತ ಎಲ್ಲರೂ ನಕ್ಕರು. ಅದು ಚೈನೀಸ್ ಅಲ್ಲವೇ ಅಲ್ಲ, ಚೀನಾದಲ್ಲಿ ಅಂಥದ್ದನ್ನು ಯಾರೂ ತಿನ್ನುವುದಿಲ್ಲ ಎಂದು ಒಬ್ಬರು ಮರ್ಯಾದೆಯಿಂದಲೇ ತಿಳಿಹೇಳಿದರು. ಬೇರೆ ದಾರಿ ಕಾಣದೆ ನಾನೂ ಅವರ ಜೊತೆ ನಕ್ಕೆ.

ರಜೆಗೆಂದು ಅರಸೀಕೆರೆಗೆ ಬಂದಾಗ ಒಂದು ಸಂಜೆ ಅಮ್ಮ, "ಬಾರೇ, ಗೋಬಿ ತಿನ್ಕೊಂಡು ಬರೋಣ" ಎಂದು ಕರೆದಳು. ದೆಹಲಿಯಲ್ಲಿ ಕಲಿತು ಬಂದಿದ್ದನ್ನು ಒಪ್ಪಿಸಿದೆ: "ಅದು ನಿಜವಾದ ಚೈನೀಸ್ ಅಲ್ಲ ಕಣಮ್ಮ." ಅಮ್ಮ ಚಪ್ಪಲಿ ಮೆಟ್ಟುತ್ತಾ, "ಚೈನಾದೋರು ಏನಾದ್ರೂ ತಿನ್ಕೊಳ್ಳಲಿ. ನಾನು ಹೊರಟಿರೋದು ಗೋಬಿ ತಿನ್ನೋಕೆ" ಅಂದಳು.

ಅದು ಒಳ್ಳೆಯ ವಿಮರ್ಶೆಯ ಮಾತು ಎಂದು ನನಗೆ ಹೊಳೆಯಲು ಕೆಲವು ವರ್ಷಗಳೇ ಬೇಕಾದವು.

ದೆಹಲಿಯ ಗೆಳೆಯರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಂಚೂರಿಯಾ ಎಂಬುದು ಚೀನಾದ ಈಶಾನ್ಯ ಭಾಗಕ್ಕಿದ್ದ ಹೆಸರು. ನಮ್ಮ ತಿನಿಸಿಗೂ ಆ ಸೀಮೆಗೂ ಇರುವ ನಂಟು ಹೆಸರಿನದು ಮಾತ್ರ. ಪ್ರಚಲಿತವಾಗಿರುವ ಕಥೆಯ ಪ್ರಕಾರ ಇದು ಹುಟ್ಟಿದ್ದು 1975ರಲ್ಲಿ, ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ. ಹೊಸದೇನಾದರೂ ಮಾಡಿಕೊಡಿ ಎಂದು ಗಿರಾಕಿಯೊಬ್ಬರು ಕೇಳಿದಾಗ, ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಹಾಕಿ, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿ ಕೋಳಿಯ ಪದಾರ್ಥವೊಂದನ್ನು ಮಾಡಿಕೊಟ್ಟರು. ಕೋಳಿಯ ಜಾಗಕ್ಕೆ ಹೂಕೋಸು ಬಂದಾಗ ಅದು ಸಸ್ಯಾಹಾರಿಗಳಿಗೂ ದಕ್ಕಿತು. ನಮ್ಮ ಬಸ್‌ಸ್ಟ್ಯಾಂಡು, ಕಾಲೇಜು ಗೇಟುಗಳ ಮುಂದಿನ ತಳ್ಳುಗಾಡಿಗೆ ಇಳಿಯುವ ಹೊತ್ತಿಗೆ ಬೆಲೆಯೂ ಇಳಿಯಬೇಕಾಗಿತ್ತು. ಹಾಗಾಗಿ ಎಷ್ಟೋ ಗಾಡಿಗಳಲ್ಲಿ ಹೂಕೋಸಿನ ಬದಲು ಎಲೆಕೋಸು ಬಂತು. ಚೀನಾ ಇಲ್ಲದ ಚೈನೀಸು, ಹೂಕೋಸಿಲ್ಲದ ಗೋಬಿ!

ಆದರೆ ನಮ್ಮ ಜನ ಈ ಗೊಂದಲವನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಹಿಂದಿಯವರಿಗೆ ಗೋಬಿ ಅಂದರೆ ತರಕಾರಿ. ನಮ್ಮೂರಲ್ಲಿ ತರಕಾರಿಯವರ ಹತ್ತಿರ ಕೇಳುವುದು ಹೂಕೋಸು, ಗಾಡಿಯವರ ಹತ್ತಿರ ಕೇಳುವುದು ಗೋಬಿ. ಎರಡು ಪದಗಳು, ಎರಡು ಪದಾರ್ಥಗಳು. ಗೋಬಿ ಅನ್ನುವುದು ಯಾವುದರದೋ ನಕಲಿನ ಹೆಸರಾಗಿ ಉಳಿದಿಲ್ಲ.

ಬದಲಿಯಾಗಿ ಬಂದದ್ದು ಅಸಲಿಯಾಗುವುದು ನಮ್ಮ ಅಡುಗೆಮನೆಗೆ ಹೊಸದಲ್ಲ. ಪೋರ್ಚುಗೀಸರು ಅಮೆರಿಕದ ಕಡೆಯಿಂದ ಮೆಣಸಿನಕಾಯಿ ತರುವ ಮುಂಚೆ ನಮ್ಮ ಖಾರ ಅಂದರೆ ಮೆಣಸು. ಹೊಸದಾಗಿ ಬಂದ ಕಾಯಿಗೆ ಹಳೆಯ ಖಾರದ ಹೆಸರನ್ನೇ ಕೊಟ್ಟರು. ಹಿತ್ತಲಿನಲ್ಲೂ ಬೆಳೆಯುವ ಈ ಕಾಯಿ ಎಲ್ಲರ ಮನೆಗೂ ಬಂತು. ಈಗ ಮೂಲದ ಮೆಣಸಿಗೇ ಗುರುತಿಗೊಂದು ವಿಶೇಷಣ ಬೇಕು: ಕಾಳುಮೆಣಸು, ಕರಿಮೆಣಸು, ಕರಾವಳಿಯ ಕಡೆ ಒಳ್ಳೆಮೆಣಸು. ಇತ್ತ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಸಿಕ್ಕಿದೆ. ಪರದೇಶದಿಂದ ಬಂದದ್ದಕ್ಕೆ ನಾವೇ ಅಸಲಿತನದ ಪ್ರಮಾಣಪತ್ರ ಕೊಡಿಸಿದ್ದೇವೆ.

ಸಾಹಿತ್ಯ ಓದುವವರಿಗಂತೂ ಇದು ಪರಿಚಿತ ಸಂಗತಿ. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ವ್ಯಾಸಭಾರತದಲ್ಲಿ ಹಾಗಿಲ್ಲ. ಅದಕ್ಕೆಂದು ಪಂಪನದು ಅಗ್ಗದ ಭಾರತ ಎಂದು ಯಾರೂ ಹೇಳುವುದಿಲ್ಲ. ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಲು ಹೊರಟ ಕಾವ್ಯಕ್ಕೆ ಆ ಬದಲಾವಣೆ ಯಾಕೆ ಬೇಕಾಯಿತು, ಅದರಿಂದ ಕಾವ್ಯ ಗಳಿಸಿದ್ದೇನು, ಕಳೆದುಕೊಂಡಿದ್ದೇನು ಎಂದು ಕೇಳುತ್ತೇವೆ. ಪಂಪನನ್ನೂ ಗಾಡಿಯವರನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಕೃತಿಗೆ ಕೇಳುವ ಈ ಪ್ರಶ್ನೆಯನ್ನು ತಟ್ಟೆಗೆ ಯಾಕೆ ಕೇಳುವುದಿಲ್ಲ ಅನ್ನುವುದಷ್ಟೇ ನನ್ನ ತಕರಾರು. ಅಲ್ಲಿ ಮಾತ್ರ ಮೂಲಕ್ಕೆ ಎಷ್ಟು ಹತ್ತಿರ ಎಂದು ಅಳೆದು ಸುಮ್ಮನಾಗುತ್ತೇವೆ.

ಸರಿಯಾದ ಪ್ರಶ್ನೆ ಕೇಳಿದರೆ ಗೋಬಿಗೂ ಅದರದೇ ಕಟ್ಟುಪಾಡುಗಳಿರುವುದು ಕಾಣುತ್ತದೆ. ಹಿಟ್ಟು ಚೂರಿಗೆ ಹತ್ತಿಕೊಂಡಿರಬೇಕು, ಚೂರನ್ನು ಹೂತುಹಾಕಿರಬಾರದು. ಸಾಸು ಮೇಲೆ ಮೆತ್ತಿರಬೇಕು, ಒಳಗಿಳಿದು ಮೆತ್ತಗಾಗಿಸಿರಬಾರದು. ವಿನೆಗರಿನ ಹುಳಿ ಮೂಗಿಗೆ ಮೊದಲು ಬರಬೇಕು, ಬೆಳ್ಳುಳ್ಳಿ ಆಮೇಲೆ. ಪಕ್ಕದಲ್ಲಿ ಹಸಿ ಈರುಳ್ಳಿ ಇರಲೇಬೇಕು. ಎಲೆಕೋಸಿನ ಗೋಬಿಯಲ್ಲಿ ಹೊರಚಾಚಿದ ಎಳೆಗಳು ಎಣ್ಣೆಯಲ್ಲಿ ಗರಿಗರಿಯಾಗಿ ಸಾಸನ್ನು ಹಿಡಿದುಕೊಳ್ಳುತ್ತವೆ. ಹೂಕೋಸಿಗೆ ಆ ಗುಣವಿಲ್ಲ. ಉಳಿತಾಯಕ್ಕೆಂದು ಮಾಡಿದ ಬದಲಾವಣೆ ಇಲ್ಲಿ ಇನ್ನೊಂದು ರುಚಿಯನ್ನೇ ಕೊಟ್ಟಿತು. ಗಾಡಿಯ ಪಕ್ಕ ನಿಂತು ಬಿಸಿಯಿರುವಾಗಲೇ ತಿನ್ನಬೇಕಾದ ತಿನಿಸಿದು. ಪಾರ್ಸೆಲ್ ಕಟ್ಟಿಸಿದರೆ ಮನೆ ಮುಟ್ಟುವಷ್ಟರಲ್ಲಿ ಸಪ್ಪಗೆ ಒದ್ದೆ ಮುದ್ದೆ. ಈ ಅಳತೆಯಲ್ಲಿ ದೊಡ್ಡ ಹೋಟೆಲಿನ ಗೋಬಿ ಸೋಲಬಹುದು, ಗಾಡಿಯದು ಗೆಲ್ಲಬಹುದು. ಗಾಡಿಯದೂ ಸೋಲಬಹುದು. ಅದರ ಷರತ್ತಿನಲ್ಲೇ ಸವಿಯುವುದೆಂದರೆ ರಿಯಾಯಿತಿ ತೋರಿಸುವುದಲ್ಲ.

ಅಯ್ಯಂಗಾರ್ ಬೇಕರಿಗಳ ಹನಿ ಕೇಕೂ ಹೀಗೆಯೇ. ಹೆಸರಿನಲ್ಲಿರುವ ಜೇನು ಕೇಕಿನಲ್ಲಿರುವುದು ಅಪರೂಪ. ಸಕ್ಕರೆ ಪಾಕ ಕುಡಿದ ಸ್ಪಂಜು, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ತುರಿ. ಜೇನು ಹಾಕಿ ಮಾಡಿದ ದುಬಾರಿ ಕೇಕನ್ನು ತಿಂದಾಗ ನನಗೆ ಕೊರತೆ ಅನ್ನಿಸಿದ್ದು ಆ ಸಕ್ಕರೆ ಪಾಕವೇ.

ರಿಯಾಯಿತಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ದೆಹಲಿಯಲ್ಲಿ ಕೇಳಿದ ನಗುವಿಗಿಂತ ನಯವಾದದ್ದೊಂದು ಈಚೆಗೆ ಬಂದಿದೆ. "ಇದೆಲ್ಲ ಕಚಡಾ ಅಂತ ಗೊತ್ತು, ಆದರೂ ನನಗಿಷ್ಟ" ಅನ್ನುವ ಮಾತು. ಅದು ಪ್ರೀತಿಯ ಹಾಗೆ ಕೇಳಿಸುತ್ತದೆ. ಆದರೆ ಹಾಗೆ ಹೇಳುವವರು ತಮ್ಮ ಕುರ್ಚಿಯನ್ನು ಮೇಲೆ ಕಾಯ್ದಿರಿಸಿಕೊಂಡೇ ಕೆಳಗಿಳಿದಿರುತ್ತಾರೆ. ದಿನವೂ ಅದನ್ನೇ ತಿನ್ನುವವರಿಗೆ ಈ 'ಆದರೂ' ಬೇಕಾಗಿಲ್ಲ.

ಹಾಗಾದರೆ ಅಗ್ಗದ್ದೆಲ್ಲ ಒಪ್ಪಿತವೇ? ಇಲ್ಲಿ ಕನ್ನಡದ ಒಂದು ಪದ ನಮ್ಮನ್ನು ಎಡವಿಸುತ್ತದೆ: ಕಲಬೆರಕೆ. ಬೇರೆ ಬೇರೆ ಸೇರಿದ್ದಕ್ಕೂ ಅದೇ ಪದ, ಮೋಸಕ್ಕೂ ಅದೇ ಪದ. ಕಾನೂನು ಇವೆರಡನ್ನೂ ಬೇರೆ ಮಾಡಿ ನೋಡಿದ್ದುಂಟು. ತುಪ್ಪದ ಬದಲಿಯಾಗಿ ವನಸ್ಪತಿ ಬಂದಾಗ ಅದಕ್ಕೆ ಎಳ್ಳೆಣ್ಣೆ ಸೇರಿಸುವುದನ್ನು ಕಡ್ಡಾಯ ಮಾಡಿದರು. ಯಾರಾದರೂ ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿ ಮಾರಿದರೆ, ಪರೀಕ್ಷೆಯಲ್ಲಿ ಎಳ್ಳೆಣ್ಣೆಯ ಗುರುತು ಗುಲಾಬಿ ಬಣ್ಣವಾಗಿ ಕಾಣಿಸಿಕೊಂಡು ಸಿಕ್ಕಿಬೀಳಲಿ ಎಂದು. ವನಸ್ಪತಿ ವನಸ್ಪತಿಯಾಗಿಯೇ ಇರಬಹುದು, ತುಪ್ಪದ ವೇಷ ಹಾಕುವಂತಿಲ್ಲ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆಂದು ಸಂಗ್ರಹಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಕಂಡುಬಂದಿತ್ತು. ಗೋಬಿಯೇ ಬ್ಯಾನ್ ಆಯಿತೆಂದು ಹಲವರು ಹೇಳಿಕೊಂಡು ತಿರುಗಿದರು, ಕೆಲವರು ಖುಷಿಯಿಂದಲೇ. ನಿಷೇಧವಾಗಿದ್ದು ಬಣ್ಣ, ತಿನಿಸಲ್ಲ. ಎಲೆಕೋಸಿನ ರಾಶಿ ಗಾಡಿಯ ಮೇಲೆ ಎಲ್ಲರ ಕಣ್ಣೆದುರೇ ಇರುತ್ತದೆ, ಅದರಲ್ಲಿ ವಂಚನೆಯಿಲ್ಲ. ಬಣ್ಣ ಹಾಗಲ್ಲ, ತಿನ್ನುವವರಿಗೆ ಹೇಳದೆ ಅವರ ಮೈಯೊಳಗೆ ಹೋಗುತ್ತದೆ. 'ನಿಜವಾದ ಚೈನೀಸ್ ಅಲ್ಲ' ಎಂದು ಮೂಗು ಮುರಿಯುವವರೂ, 'ಬಡವರ ತಿಂಡಿ, ಬಿಟ್ಟುಬಿಡಿ' ಎಂದು ವಕಾಲತ್ತು ವಹಿಸುವವರೂ ತಪ್ಪುವುದು ಇಲ್ಲಿಯೇ. ಇಬ್ಬರಿಗೂ ಅಗ್ಗದ ತಿನಿಸು ಒಳ್ಳೆಯದಾಗಿರಬಹುದು, ಒಳ್ಳೆಯದಾಗಿಯೇ ಇರಬೇಕು ಅನ್ನುವ ನಿರೀಕ್ಷೆಯಿಲ್ಲ.

ಅಮ್ಮನಿಗೆ ಆ ನಿರೀಕ್ಷೆಯಿದೆ. ಮೂವತ್ತು ವರ್ಷಗಳಿಂದ ದಿನಕ್ಕೆ ಮೂರು ಹೊತ್ತು ಬೇಯಿಸಿದವಳು ಅವಳು. ಕುರ್ಚಿ ಮೇಜಿನ ಹೋಟೆಲೆಂದರೆ ಅಪ್ಪ ಕರೆದುಕೊಂಡು ಹೋಗಬೇಕು, ಅಪ್ಪನೇ ದುಡ್ಡು ಕೊಡಬೇಕು. ಗೋಬಿ ಗಾಡಿಗೆ ಅವಳು ಬ್ಲೌಸ್ ಹೊಲಿದ ದುಡ್ಡಿನಲ್ಲಿ, ಪಕ್ಕದ ಮನೆಯ ಆಂಟಿಯ ಜೊತೆ ಹೋಗುತ್ತಿದ್ದಳು. ಅವಳೇ ಮಾಡಿ, ಅವಳೇ ಬಡಿಸಿ, ಕೊನೆಗೆ ಉಳಿದಿದ್ದನ್ನು ತಿನ್ನಬೇಕಾಗಿಲ್ಲದ ತಿನಿಸು ಆ ಊರಿನಲ್ಲಿ ಅವಳಿಗೆ ಅದೊಂದೇ ಇತ್ತು. ದೆಹಲಿಯಲ್ಲಿ ನಾನು ಎಲ್ಲರ ಜೊತೆ ನಕ್ಕಾಗ ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ.

ನಿಷೇಧವಾದ ಮೇಲೆ ಊರಿಗೆ ಹೋದಾಗ ಮತ್ತೆ ಇಬ್ಬರೂ ಗಾಡಿಗೆ ಹೋದೆವು. ಗೋಬಿ ಕೆಂಪು ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು. ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, "ಬಣ್ಣ ಹೋಗಿದ್ದೇ ಒಳ್ಳೇದಾಯ್ತು ಬಿಡು. ಸರಿಯಾಗಿ ಬೆಂದಿದ್ಯೋ ಇಲ್ವೋ ಈಗ ಕಾಣುತ್ತೆ" ಅಂದಳು. ಆಮೇಲೆ ಗಾಡಿಯವನ ಕಡೆ ತಿರುಗಿ, "ಇವತ್ತು ಹಿಟ್ಟು ಜಾಸ್ತಿ ಆಯ್ತು ಕಣಪ್ಪ" ಎಂದಳು. ಅವನು ಒಪ್ಪಿಕೊಂಡು ಇನ್ನಷ್ಟು ಈರುಳ್ಳಿ ಹಾಕಿಕೊಟ್ಟ.