ಕಿವಿಯಿಂದ ಶುರುವಾಗುವ ರಿಪೇರಿ

ಹಿರಿಯೂರಿನ ಆಸುಪಾಸಿನ ಹೆದ್ದಾರಿಯಲ್ಲಿ ಹಳೇ ಡೀಸೆಲ್ ಲಾರಿ ಸ್ಟಾರ್ಟ್ ಆಗದೆ ನಿಂತರೆ, ನುರಿತ ಮೆಕ್ಯಾನಿಕ್ ಮೊದಲೇ ಸ್ಪ್ಯಾನರ್ ಹಿಡಿಯುವುದಿಲ್ಲ. “ಒಂದ್ಸಲ ಸೆಲ್ಫ್ ಹೊಡಿ ಅಣ್ಣಾ” ಎಂದು ಕಿವಿಗೊಡುತ್ತಾನೆ. ಬರೀ ‘ಟಕ್’ ಎಂದರೆ ಅನುಮಾನ ಬ್ಯಾಟರಿ, ಟರ್ಮಿನಲ್ ಇಲ್ಲವೇ ಸೆಲ್ಫ್ ಮೋಟಾರಿನ ಮೇಲೆ. ಡೀಸೆಲ್ ಖಾಲಿಯಾಗಿ ಮತ್ತೆ ತುಂಬಿಸಿದ ಗಾಡಿ ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ, ಏರ್ ಹಿಡಿದಿದೆ ಎಂದೇ ಲೆಕ್ಕ.

ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ; ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ. ಅದೇ ಗಾಳಿ ಡೀಸೆಲ್ ಪೈಪಿಗೆ ನುಗ್ಗಿದರೆ ಪಂಪಿನ ಒತ್ತಡವನ್ನೆಲ್ಲ ತಾನೇ ನುಂಗಿ, ಇಂಜೆಕ್ಟರ್ ತೆರೆಯಲು ಬಿಡುವುದಿಲ್ಲ. ವಿಚಿತ್ರ ಜಗಳ!

ಏರ್ ತೆಗೆಯುವ ಕೈಚಳಕ ನೋಡಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋದಂತೆ ಮೊದಲು ನೊರೆ, ಆಮೇಲೆ ಬಿಡಿ ಗುಳ್ಳೆ, ಕೊನೆಗೆ ತಿಳಿ ಡೀಸೆಲ್. ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ತಡವಾದರೆ ಗಾಳಿ ಮತ್ತೆ ಒಳಗೆ. ಅಷ್ಟಕ್ಕೂ ಬಗ್ಗದಿದ್ದರೆ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಸುತ್ತಾನೆ. ಸ್ಕ್ಯಾನರ್ ಇಲ್ಲದೆ, ಕಿವಿ ಕಣ್ಣುಗಳಿಂದಲೇ ಮುಗಿಯುವ ಈ ಕೆಲಸ ನನಗಂತೂ ದೊಡ್ಡ ವಿದ್ಯೆ.

ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಹೊಸ ‘ಕಾಮನ್ ರೈಲ್’ ಗಾಡಿಗಳಲ್ಲಿ ಮಾತ್ರ ಇಂಜೆಕ್ಟರ್ ಪೈಪಿನ ಆ ನಟ್ಟು ಮುಟ್ಟಬೇಡಿ. ಎಂಜಿನ್ ಓಡುವಾಗ ಅಲ್ಲಿನ ಒತ್ತಡ 1000 ಬಾರ್ ದಾಟಬಹುದು. ಚಿಮ್ಮುವ ಡೀಸೆಲ್ ಚರ್ಮದೊಳಕ್ಕೇ ಇಳಿಯುತ್ತದೆ.