ಹೊಟ್ಟೆ ನೋಡಿ ಇಟ್ಟ ಹೆಸರು

ತಾಯಿ ಸತ್ತ ಕರುವನ್ನು ನಾವು ತಬ್ಬಲಿ ಎನ್ನುತ್ತೇವೆ. ಆಸ್ಟ್ರೇಲಿಯಾದ ದನಗಾಹಿಗಳು ಅಂಥ ಕರುವನ್ನು ಮನೆಗೆ ತಂದು ಹಾಲು ಕುಡಿಸಿ ಸಾಕಿದರೆ ಅದು ‘ಪಾಡಿ’. ಕೈಯಾರೆ ಸಾಕಿದ ಕುರಿಮರಿಗೂ ಈ ಹೆಸರು ಸಲ್ಲುತ್ತದೆ.

ಪದದ ಬೇರು ‘ಪಾಡ್’, ಅಂದರೆ ಕಾಳು ತುಂಬಿದ ಕಾಯಿ. ಉಬ್ಬಿದ ಅವರೆಕಾಯಿಯನ್ನು ನೆನೆಸಿಕೊಳ್ಳಿ. ಇಂಗ್ಲೆಂಡಿನ ಹಳ್ಳಿಮಾತಿನಲ್ಲಿ ‘ಪಾಡಿ’ ಎಂದರೆ ಡೊಳ್ಳುಹೊಟ್ಟೆಯದು ಎಂದರ್ಥ. ವಲಸೆ ಹೋದವರ ಜೊತೆ ಆ ಮಾತೂ ಹಡಗು ಹತ್ತಿತು.

ತಬ್ಬಲಿ ಕರುವಿಗೆ ಡೊಳ್ಳುಹೊಟ್ಟೆ ಎಲ್ಲಿಂದ ಬಂತು? ಕರು ಕತ್ತು ಚಾಚಿ ಕೆಚ್ಚಲು ಚೀಪುವಾಗ ಅನ್ನನಾಳದ ತುದಿಯ ತೋಡೊಂದು ಮಡಚಿಕೊಂಡು ಕೊಳವೆಯಾಗುತ್ತದೆ. ಹಾಲು ಮೊದಲ ಹೊಟ್ಟೆಗೆ ಬೀಳದೆ ನೇರ ನಾಲ್ಕನೆಯದಕ್ಕೆ ಇಳಿಯುತ್ತದೆ. ಬಕೆಟ್ಟಿಗೆ ಮೂತಿ ಇಟ್ಟು ಗಟಗಟ ಕುಡಿದರೆ ಆ ಕೊಳವೆ ಸರಿಯಾಗಿ ಮುಚ್ಚದೇ ಹೋಗಬಹುದು. ಆಗ ಹಾಲು ಮೊದಲ ಹೊಟ್ಟೆಗೆ ಸೋರಿ ಹುಳಿಯುತ್ತದೆ. ಹಾಲು ಸಾಲದೆ ಎಳವೆಯಲ್ಲೇ ಒರಟು ಹುಲ್ಲಿಗೆ ಬಾಯಿ ಹಾಕಿದರೂ ಅಷ್ಟೇ: ಬೆನ್ನು ಬಡಕಲು, ಹೊಟ್ಟೆ ಗುಡಾಣ. ಹೀಗೆ ಒಂದು ಎಳೆಯ ಜೀವದ ಕಷ್ಟವೇ ಅದರ ಹೆಸರಾಯಿತು.

ಒಂದೇ ಮರಿಯನ್ನು ಒಂದೊಂದು ಪದ ಒಂದೊಂದು ಕಡೆಯಿಂದ ನೋಡುತ್ತದೆ. ಅಮೆರಿಕದ ಕುರಿಗಾಹಿಗಳ ‘ಬಮ್ಮರ್’ ಕಂಡಕಂಡ ಕುರಿಯ ಹಾಲಿಗೆ ಅಂಗಲಾಚುವ ಮರಿ. ಸ್ಪೆನ್ಸರ್ ಕವಿ 1579ರಲ್ಲೇ ಬಳಸಿದ ‘ಕಾಸೆಟ್’ ಕೂಡ ಕೈಯಲ್ಲಿ ಬೆಳೆದ ಮರಿಯೇ. ಮುದ್ದು ಮಾಡು ಎಂಬ ಕ್ರಿಯಾಪದವಾದದ್ದು ಆಮೇಲೆ. ನಮ್ಮ ‘ತಬ್ಬಲಿ’ಯ ಕಣ್ಣು ಕಳೆದುಹೋದ ತಾಯಿಯ ಮೇಲೆ.

ಪಾಡಿಗೆ ಒಂದು ಕರಾಳ ಬಾಳೂ ಉಂಟು. ಬರೆ ಹಾಕದ ಕರುಗಳನ್ನು ಕದಿಯುವವನು ‘ಪಾಡಿ-ಡಾಜರ್’. ಬರೆಯಿರುವ ತಾಯಿಯ ಹಿಂದೆ ಕರು ಹೋದರೆ ಒಡೆಯ ಯಾರೆಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ಕಳ್ಳ ಮೊದಲು ತಾಯಿ-ಮಗುವನ್ನು ಅಗಲಿಸುತ್ತಾನೆ. ತಾಯಿ ಬದುಕಿದ್ದೂ ಕರು ತಬ್ಬಲಿ.

ಆದರೂ ನನಗೆ ಈ ಪದದ ಮೇಲೆ ಅಕ್ಕರೆ. ಹಾಲಲ್ಲಿ ಅದ್ದಿದ ಬೆರಳನ್ನು ಕರುವಿನ ಬಾಯಿಗಿಟ್ಟು, ಅದು ಚೀಪತೊಡಗಿದ ಮೇಲೆ ಮೂತಿಯನ್ನು ಮೆಲ್ಲಗೆ ಹಾಲಿನತ್ತ ಇಳಿಸುವ ಕೈಗಳು ಕಾಪಾಡಿಕೊಂಡು ಬಂದ ಪದ ಇದು. ಹೆತ್ತ ತಾಯಿ ಹೊಟ್ಟೆ ನೋಡುತ್ತಾಳೆ ಎನ್ನುವುದು ನಮ್ಮ ಮಾತು. ‘ಪಾಡಿ’ ಎಂದು ಕರೆದವರು ನೋಡಿದ್ದೂ ಅದನ್ನೇ.