ಗೇರುಬೀಜದ ಚೀಲಕ್ಕೆ ರೇಡಿಯೊ ಟ್ಯಾಗ್

ಕತಗಾಲದಿಂದ ಕುಮಟೆಗೆ ಇಳಿದು ಹೊನ್ನಾವರದ ಕಡೆ ಹೊರಟ ಲಾರಿ ಹೊಳೆಗದ್ದೆಯ ಟೋಲ್‌ನಲ್ಲಿ ನಿಧಾನಿಸುತ್ತದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಮೇಲಿನ ಯಂತ್ರ ಓದುತ್ತದೆ, ಗೇಟು ತೆರೆಯುತ್ತದೆ. 2021ರ ಫೆಬ್ರುವರಿಯಲ್ಲಿ ಕಡ್ಡಾಯವಾದ ಈ ಚೀಟಿಯೊಳಗೆ ಬ್ಯಾಟರಿಯಿಲ್ಲ. ಯಂತ್ರ ಬೀರುವ 865–867 ಮೆಗಾಹರ್ಟ್ಸ್ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಇಂಥದ್ದೇ ಟ್ಯಾಗನ್ನು ಚೀಲಚೀಲಕ್ಕೂ ಅಂಟಿಸಿದರೆ ಕಾರ್ಖಾನೆಯ ದಾಸ್ತಾನು ತಂತಾನೇ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಮ್ಮ ಕುಮಟಾ ಸೀಮೆಯ ಗೇರುಬೀಜ ಕಾರ್ಖಾನೆಯನ್ನು ಕಣ್ಣೆದುರು ಇಟ್ಟುಕೊಂಡು ಈ ಮಾತನ್ನು ತೂಗಿ ನೋಡಿದ್ದೇನೆ. ಗೋದಾಮಿನ ಬಾಗಿಲಲ್ಲಿ ಈ ಟ್ಯಾಗ್ ಬೇಕೇ ಬೇಕು. ಬೀಜ ಒಡೆಯುವ ಮೇಜು ದಾಟಿದ ಮೇಲೆ ಅದನ್ನೇ ನೆಚ್ಚಿಕೊಂಡರೆ ಲೆಕ್ಕ ಕೈಕೊಡುತ್ತದೆ.

ಮೊದಲು ಗೋದಾಮು. ಊರಿನ ಬೀಜ ಸಿಗುವುದು ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ. ಅದು ಸಾಲದೆ ಆಫ್ರಿಕದಿಂದಲೂ ಬೀಜ ಬರುತ್ತದೆ. ವರ್ಷವಿಡೀ ಕೆಲಸ ನಡೆಯಬೇಕಾದರೆ ಮಾಲೀಕ ದುಡ್ಡನ್ನೆಲ್ಲ ಚೀಲಗಳಲ್ಲಿ ಕಟ್ಟಿಹಾಕಿ ಅಟ್ಟಿ ಹಾಕಲೇಬೇಕು. ಹೊಸ ಲಾಟು ಬಂದಾಗ ಮುಂದೆ ಬೀಳುತ್ತದೆ, ಹಳೆಯದು ಹಿಂದೆ ಉಳಿಯುತ್ತದೆ. ದೇವಿಮನೆ ಘಟ್ಟದ ಕೆಳಗಿನ ಮಳೆಗಾಲದಲ್ಲಿ ಹಾಗೆ ಉಳಿದ ಚೀಲ ತೇವ ಹಿಡಿದು ಬೂಸಲು ಬಂದರೆ ಒಳಗಿನ ತಿರುಳು ಕಪ್ಪಾಗುತ್ತದೆ, ದರ ಬಿದ್ದುಹೋಗುತ್ತದೆ. ಯಾವ ಊರಿನ ಬೀಜ, ಯಾವತ್ತು ಬಂತು, ಎಷ್ಟು ಒಣಗಿತ್ತು ಎಂಬುದು ಚೀಲದ ಜೊತೆಗೇ ಇದ್ದರೆ ಮೊದಲು ಬಂದದ್ದನ್ನು ಮೊದಲು ಹೊರತೆಗೆಯಬಹುದು. ಬಾರ್‌ಕೋಡ್‌ಗೆ ಈ ಕೆಲಸ ಕಷ್ಟ. ಅದರ ಗೆರೆಗಳು ಕಣ್ಣಿಗೆ ಕಾಣಬೇಕು, ಧೂಳು ಮೆತ್ತಿದರೆ ಮುಗಿಯಿತು. ರೇಡಿಯೊ ಟ್ಯಾಗನ್ನು ಹಲವು ಅಡಿ ದೂರದಿಂದ, ಒಮ್ಮೆಗೇ ಹತ್ತಾರು ಓದಬಹುದು.

ಆದರೆ ಅಟ್ಟಿಯ ಮುಂದೆ ಯಂತ್ರ ಹಿಡಿದು ನಿಂತರೆ ನಡುವಿನ ಚೀಲಗಳೆಲ್ಲ ಓಗೊಡುತ್ತವೆ ಎಂದುಕೊಳ್ಳಬಾರದು. ನೀರಿನಂಶ ಈ ಅಲೆಯನ್ನು ಹೀರುತ್ತದೆ, ಲೋಹ ಅದನ್ನು ಹಿಂದಕ್ಕೆ ಎಸೆಯುತ್ತದೆ. ಒತ್ತೊತ್ತಾಗಿ ಪೇರಿಸಿದ ಹಸಿ ಬೀಜದ ಆಳಕ್ಕೆ ಅಲೆ ಸರಿಯಾಗಿ ಇಳಿಯುವುದಿಲ್ಲ. ತಿರುಳು ತುಂಬಿದ ತಗಡಿನ ಡಬ್ಬಿಗೆ ಸಾಮಾನ್ಯ ಟ್ಯಾಗ್ ನೇರವಾಗಿ ಅಂಟಿಸಿದರೆ ಓದುವುದೇ ಕಷ್ಟ. ಅದಕ್ಕೆ ಬೇರೆ ಬಗೆಯ, ದುಬಾರಿ ಟ್ಯಾಗ್ ಬೇಕು, ಇಲ್ಲವೇ ಹೊರಗಿನ ರಟ್ಟಿನ ಪೆಟ್ಟಿಗೆಗೆ ಅಂಟಿಸಬೇಕು. ಆದ್ದರಿಂದ ಎಣಿಕೆ ನಡೆಯಬೇಕಾದದ್ದು ಬಾಗಿಲಲ್ಲಿ, ಒಂದೊಂದೇ ಚೀಲ ದಾಟುವಾಗ.

ಒಳಗೆ ಹೋದರೆ ಸಮಸ್ಯೆಯ ಸ್ವರೂಪವೇ ಬೇರೆ. 80 ಕೆ.ಜಿ. ಚೀಲ ಆವಿಗೆ ಬೀಳುತ್ತದೆ, ಸಿಪ್ಪೆ ಒಡೆಯುತ್ತದೆ, ತಿರುಳು ಬೋರ್ಮಾ ಎಂಬ ಒಲೆಯಲ್ಲಿ ಒಣಗುತ್ತದೆ, ಹೊಟ್ಟು ಬಿಡುತ್ತದೆ. ಕೊನೆಗೆ ಕೈಗೆ ಬರುವುದು ಹೆಚ್ಚುಕಡಿಮೆ ಕಾಲು ಭಾಗ. ಅದೂ ಇಡಿ, ಹೋಳು, ಚೂರು ಎಂದು ಬೇರೆಬೇರೆಯಾಗುತ್ತದೆ. ಪೌಂಡಿಗೆ 240ರ ಒಳಗೆ ಬರುವ ಇಡಿ ತಿರುಳಿಗೂ 320ರದಕ್ಕೂ ದರ ಬೇರೆ, ಚೂರಿನದು ತೀರಾ ಕಡಿಮೆ. ಕಾರ್ಖಾನೆಯ ಲಾಭನಷ್ಟ ನಿಂತಿರುವುದು ಇಲ್ಲೇ. ಬರಿದಾದ ಚೀಲದ ಟ್ಯಾಗ್ ಈ ಬದಲಾವಣೆಯ ಬಗ್ಗೆ ಏನನ್ನೂ ಹೇಳದು. ಇಷ್ಟೇಕೆ, ಏಪ್ರಿಲ್‌ನಲ್ಲಿ ತುಂಬಿಸಿದ ಚೀಲ ಒಣಗಿ ತೂಕ ಕಳೆದುಕೊಂಡರೂ ಟ್ಯಾಗಿನ ಲೆಕ್ಕದಲ್ಲಿ ಅದು ಪೂರ್ತಿ ಚೀಲವೇ. ಪ್ರತಿ ಹಂತದಲ್ಲೂ ತೂಗಿ ಲಾಟಿನ ಹೆಸರಿಗೆ ಬರೆಯುವ ಶಿಸ್ತು ಮೊದಲೇ ಇದ್ದಲ್ಲಿ ಮಾತ್ರ ಟ್ಯಾಗ್ ನೆರವಿಗೆ ಬರುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ವಾಲ್‌ಮಾರ್ಟ್ 2003ರಲ್ಲಿ ತನ್ನ ನೂರು ದೊಡ್ಡ ಪೂರೈಕೆದಾರರಿಗೆ ಪೆಟ್ಟಿಗೆಗಳಿಗೆ ಇಂಥ ಟ್ಯಾಗ್ ಅಂಟಿಸಲು 2005ರ ಜನವರಿಯ ಗಡುವು ಕೊಟ್ಟಿತು. ಅವರಲ್ಲಿ ಅನೇಕರು ಮಾಲು ಲಾರಿಗೆ ಏರುವ ಮುನ್ನ ಪೆಟ್ಟಿಗೆಗೆ ಟ್ಯಾಗ್ ಬಡಿದು ಕಳಿಸಿದರು. ಆಜ್ಞೆ ಪಾಲಿಸಿದಂತಾಯಿತು, ಸ್ವಂತ ಕಾರ್ಖಾನೆಯ ದಾಸ್ತಾನಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಟ್ಯಾಗ್ ಬಳಸಿದ ವಾಲ್‌ಮಾರ್ಟ್ ಮಳಿಗೆಗಳಲ್ಲಿ ಸರಕು ಖಾಲಿಯಾಗುವುದು ಶೇ. 16ರಷ್ಟು ತಗ್ಗಿತೆಂದು ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ಅಧ್ಯಯನ ಹೇಳಿದ್ದು ನಿಜ. ಆದರೆ ಅದು ಅಂಗಡಿಯ ಕಪಾಟಿನ ಲೆಕ್ಕ. ಅದನ್ನೇ ತೋರಿಸಿ ಕಾರ್ಖಾನೆಗೆ ಯಂತ್ರ ಮಾರುವುದು ಸರಿಯಲ್ಲ.

ಖರ್ಚಿನ ಮಾತು ಚಿಕ್ಕದು. ಮಾಮೂಲು ಟ್ಯಾಗ್‌ಗೆ ಕೆಲವೇ ರೂಪಾಯಿ. ಹೆಚ್ಚು ಹಣ ಹೋಗುವುದು ಓದುವ ಯಂತ್ರಕ್ಕೆ, ತಂತ್ರಾಂಶಕ್ಕೆ ಮತ್ತು ಅವನ್ನು ದಿನಾ ನೋಡಿಕೊಳ್ಳುವವರಿಗೆ. ಸಣ್ಣ ಕಾರ್ಖಾನೆ ಒಂದು ಬಾಗಿಲಿನಿಂದ ಶುರುಮಾಡಲಿ.

ನನಗೆ ಹೆಚ್ಚು ಕಾಳಜಿ ಇರುವುದು ಸುಲಿಯುವ ಹೆಂಗಸರ ಬಗ್ಗೆ. ಇಲ್ಲಿ ಕೂಲಿ ತೂಕದ ಮೇಲೆ ನಿಲ್ಲುತ್ತದೆ, ತೂಕ ಪುಸ್ತಕದಲ್ಲಿ ಬರೆದುಕೊಳ್ಳುವವರ ಕೈಯಲ್ಲಿ. ಟ್ರೇಗೊಂದು ಟ್ಯಾಗ್, ತಕ್ಕಡಿಯ ಪಕ್ಕದಲ್ಲೊಂದು ಓದುವ ಯಂತ್ರ ಇಟ್ಟರೆ ಯಾರ ಟ್ರೇ ಎಷ್ಟು ತೂಗಿತು ಎಂಬುದು ಅಲ್ಲೇ ದಾಖಲಾಗುತ್ತದೆ, ತಕರಾರಿಗೆ ಜಾಗ ಕಡಿಮೆಯಾಗುತ್ತದೆ. ಅದೇ ದಾಖಲೆ ಮಾಲೀಕನ ಕಂಪ್ಯೂಟರಿನಲ್ಲಷ್ಟೇ ಉಳಿದರೆ, ಯಾರು ಎಷ್ಟು ಹೊತ್ತು ಕೈ ನಿಲ್ಲಿಸಿದರು ಎಂದು ಹಿಡಿಯುವ ಸಾಧನವಾಗುತ್ತದೆ. ಟ್ರೇಗೆ ಟ್ಯಾಗ್ ಹಾಕುವ ಕಾರ್ಖಾನೆ ತಕ್ಕಡಿಯ ಅಂಕಿ ಸುಲಿಯುವವಳಿಗೂ ಕಾಣುವಂತೆ ಇಡಬೇಕು, ಸಂಜೆ ಅವಳ ಲೆಕ್ಕವನ್ನು ಕನ್ನಡದಲ್ಲಿ ಅಚ್ಚುಹಾಕಿ ಕೈಗೆ ಕೊಡಬೇಕು. ಈ ಷರತ್ತಿಗೆ ಒಪ್ಪದ ಕಡೆ ಟ್ರೇಯ ಟ್ಯಾಗ್ ಬೇಡ, ಗೋದಾಮಿನದು ಸಾಕು.